ಗಾಜಿನ ಮ್ಯಾಲ ಚಾಳೀಸು

ನಲವತ್ತು ದಾಟಿದ ಮಾಸ್ತರನ ಮೂಗಿನ ಮ್ಯಾಲ ಚಾಳೀಸು ಏರಿದ್ರ ನಮ್ಮ ಕಡೆ ಯಾರೂ ಏನೂ ಅನ್ನಂಗಿಲ್ಲ. ಚಾಳೀಸು ಅಂದ್ರ ಓದೋ ಕನ್ನಡಕ. ವಯಸ್ಸಾತು, ಚಾಳೀಸು ಬಂತು, ಮುಗೀತು. ಖರೆ ಹೇಳಬೇಕಂದ್ರ ಮರ್ಯಾದಿ ಒಂದು ತೂಕ ಹೆಚ್ಚೇ ಆಗ್ತದ. ಹುಮನಾಬಾದಿನ ನಮ್ಮ ಸಾಲಿಗೆ ನಾನು ಅದನ್ನ ಹಾಕ್ಕೊಂಡು ಹೋದ ಮೊದಲ ದಿವಸ ಹೆಡ್‌ಮಾಸ್ತರರು, "ಬರ್ರಿ ಬರ್ರಿ, ಮುದುಕರ ಸಾಲಿನ್ಯಾಗ ನಿಮಗೊಂದು ಜಾಗಾ ಇಟ್ಟೀವಿ" ಅಂದ್ರು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆ ಚಾಳೀಸಿನ ಹಿಂದ, ಎರಡೂ ಕಣ್ಣಿನ ಕರೀಗುಡ್ಡಿ ಮ್ಯಾಲ, ಇನ್ನೊಂದು ಜೋಡಿ ಗಾಜು ಕುಂತಾವ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಇಡೀ ಊರಾಗ ಅದು ನನ್ನ ಹೆಂಡತಿಗೆ ಒಬ್ಬಾಕಿಗೇ ಗೊತ್ತು ಅಂತ ನಾ ತಿಳಕೊಂಡಿದ್ದೆ.

ನಾ ಹುಟ್ಟಿ ಬೆಳೆದದ್ದು ಬಸವಕಲ್ಯಾಣದಾಗ. ಐವತ್ತಾರರಾಗ ನಮ್ಮ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿದಾಗ ನನಗ ಹದಿನೈದು. ಅಲ್ಲೀತನಕ ಉರ್ದುದಾಗ ಓದಿದ ಹುಡುಗರು ನಾವು. ಮನ್ಯಾಗ ಆಡೋದು ಕನ್ನಡ, ಸಾಲ್ಯಾಗ ಬರೆಯೋದು ಉರ್ದು. ಈಗ ಬೋರ್ಡಿನ ಮ್ಯಾಲೂ ಕನ್ನಡ ಬಂತು. ಅದೇ ವ್ಯಾಳ್ಯಾದಾಗ ನನ್ನ ಕಣ್ಣೂ ಕೆಡಾಕತ್ತಿದ್ದವು. ಒಂದು ಸೊನ್ನಿ ಬರದ್ರ ಅದರ ಬಾಜೂಕ ಇನ್ನೆರಡು ಸೊನ್ನಿ, ಒಂದು ಒತ್ತಿಗೆ ಮೂರು ಬಾಲ ಕಾಣತಿದ್ದವು. ನಾ ಎಂಥಾ ಶಾಣ್ಯಾ ಅಂದ್ರ, ಕನ್ನಡ ಲಿಪಿ ಇರೋದೇ ಹೀಂಗ ಅಂತ ತಿಳಕೊಂಡೆ. ಪಾಟಿ ಮ್ಯಾಲ ಆ ನೆರಳನ್ನೂ ಸೇರಿಸಿ ಬರೆದೆ. ನಮ್ಮ ಗುರುಗಳು ಪಾಟಿ ಎತ್ತಿ ಎಲ್ಲಾರಿಗೂ ತೋರಿಸಿ, "ಇದೇನಪಾ, ಅಕ್ಷರಕ್ಕ ಮೀಸಿ ಬರಸಿಯೇನು?" ಅಂದ್ರು. ಆ ಮ್ಯಾಲ ಬಾಜೂಕಿನವನ ಪಾಟಿ ನೋಡಿ ಬರೆಯೋದು ಕಲತೆ.

ಮುಂದ ಹದಿನೈದು ವರ್ಷ ಕನ್ನಡಕ ಬದಲಿ ಮಾಡಿದ್ದೇ ಬಂತು. ಮಾಸ್ತರಿಕಿ ಸಿಕ್ತು, ಹುಮನಾಬಾದಿಗೆ ಬಂದೆ, ಲಗ್ನಾತು, ಒಬ್ಬಾಕಿ ಮಗಳು ಹುಟ್ಟಿದಳು. ಕನ್ನಡಕ ಮಾತ್ರ ಯಾವುದೂ ಆರು ತಿಂಗಳ ಮ್ಯಾಲ ನಡೀಲಿಲ್ಲ. ಕಡೀಕ ಹೈದರಾಬಾದಿನ ಡಾಕ್ಟರರೊಬ್ಬರು ನನ್ನ ಕಣ್ಣಾಗ ದೀಪಾ ಬಿಟ್ಟು ಭಾಳೊತ್ತು ನೋಡಿ, ಇದಕ್ಕ ಕೆರಟೋಕೋನಸ್ ಅಂತಾರ ಅಂದ್ರು. ಕರೀಗುಡ್ಡಿ ಮ್ಯಾಲಿನ ತಿಳಿ ಪೊರೆ ಬಟ್ಟಲದಂಗ ದುಂಡಗ ಇರಬೇಕು. ನಂದು ತೆಳ್ಳಗಾಗಿ, ಮುಂದ ಚೂಪಾಗಿ ಬಂದದ. ಅದಕ್ಕ ಮೂಗಿನ ಮ್ಯಾಲಿನ ಕನ್ನಡಕ ಏನೂ ಮಾಡಂಗಿಲ್ಲ, ಗುಡ್ಡಿ ಮ್ಯಾಲೇ ಒಂದು ಗಟ್ಟಿ ಲೆನ್ಸು ಕೂಡಿಸಬೇಕು. ಕೂಡಿಸಿದ್ರು. ಕಣ್ಣಾಗ ಜ್ವಾಳದ ಒಣ ರವದಿ ಚೂರು ಬಿದ್ದಂಗಾತು, ನೀರು ಸುರೀತು. ನೀರು ನಿಂತ ಮ್ಯಾಲ ಖಿಡಕಿಯಿಂದ ಆಚಿ ದಂಡಿಯ ಅಂಗಡಿ ಬೋರ್ಡು ನೋಡಿದೆ. ಒಂದು ಅಕ್ಷರ ಒಂದೇ ಇತ್ತು. ಮೂವತ್ತು ದಾಟಿದ ಗಂಡಸು ನಾನು, ಡಾಕ್ಟರರ ಮುಂದ ಅತ್ತುಬಿಟ್ಟೆ. ಹೇಳಾಕ ನನಗೇನೂ ನಾಚಿಕಿಲ್ಲ.

ಹೊರಗ ಹೊಂಟಾಗ ಅವರು ಎರಡು ಮಾತು ಹೇಳಿದ್ರು. ಕಣ್ಣು ತಿಕ್ಕಬ್ಯಾಡ್ರಿ. ಮತ್ತ ಇದು ಮಕ್ಕಳಿಗೆ ಬಂದ್ರೂ ಬರಬಹುದು, ಮಗಳಿಗೆ ಹತ್ತು ತುಂಬಿದ ಮ್ಯಾಲ ಒಮ್ಮೆ ಕರಕೊಂಡು ಬರ್ರಿ, ಬಂದದ್ದು ಲಗೂನ ಗೊತ್ತಾದ್ರ ಛಲೋ.

ಹೈದರಾಬಾದಿನ್ಯಾಗ ಬಸ್ಸು ಹತ್ತಿದಾಗ ಕರಕೊಂಡು ಬರಬೇಕು ಅಂತಲೇ ಇದ್ದೆ. ಹುಮನಾಬಾದಿನ್ಯಾಗ ಇಳಿಯೋದರಾಗ ಬುದ್ಧಿ ಬದಲಾಗಿತ್ತು. ನಮ್ಮ ಮಂದೀನ ನಾ ಬಲ್ಲೆ. "ಮಾಸ್ತರನ ಕಣ್ಣಾಗ ಗಾಜು ಅದ ಅಂತ, ಮಗಳಿಗೂ ಅದೇ ರೋಗ ಅಂತ" ಅಂದ್ರ ಆತು, ಚಿಟಗುಪ್ಪದಿಂದ ಮುಡಬಿತನಕ ಆಕಿಗೆ ಒಂದು ಮನಿ ಬಾಗಿಲಾ ತೆರೆಯಂಗಿಲ್ಲ. ಅದಕ್ಕ ನನ್ನ ಗಾಜೂ ಮುಚ್ಚಿಟ್ಟೆ, ಡಾಕ್ಟರರ ಮಾತೂ ಹೆಂಡತಿಗೆ ಸಹಿತ ಹೇಳದ ಮುಚ್ಚಿಟ್ಟೆ. ಬೆಂಕಿ ಉಡಿಯಾಗ ಕಟ್ಟಿಕೊಂಡು ತಿರಗೋದಂದ್ರ ಏನು ಅಂತ ಆ ಮ್ಯಾಲ ಗೊತ್ತಾತು.

ದಿನಾ ಮುಂಜಾನೆ ಬಾಗಿಲಾ ಹಾಕ್ಕೊಂಡು ಲೆನ್ಸು ಇಡೋದು. ತೊಗರಿ ರಾಶಿ ಮಾಡೋ ದಿನದಾಗ ಗಾಳ್ಯಾಗ ಹೊಟ್ಟು ಹಾರಿದ್ರ ಒಂದು ಕಣ ಸಾಕು, ಗಾಜಿನ ಕೆಳಗ ಹೊಕ್ಕು ಜೀವಾ ತಿಂತಿತ್ತು. ನಡು ಪಾಠದಾಗ "ಓದಕೊಳ್ರೋ" ಅಂತ ಹೇಳಿ ನಕಾಶಿ ಇಡೋ ಖೋಲಿಗೆ ಓಡಿ, ತಗದು, ತೊಳದು, ಮತ್ತ ಇಟ್ಟು ಬರ್ತಿದ್ದೆ. ಮಾಸ್ತರರಿಗೆ ಹೊಟ್ಟಿ ಸರಿ ಇಲ್ಲ ಅಂತ ಹುಡುಗರು ಮಾತಾಡಕೋತಿದ್ದರು. ಆಡ್ಲಿ ಅಂತ ಬಿಟ್ಟೆ. ನಲವತ್ತು ದಾಟಿದ ಮ್ಯಾಲ ಇನ್ನೊಂದು ಪಜೀತಿ ಸುರು ಆತು. ಲೆನ್ಸಿನಿಂದ ದೂರದ್ದು ಕಾಣತಿತ್ತು, ಕೈಯಾಗಿನ ಪುಸ್ತಕ ಕಾಣತಿರಲಿಲ್ಲ. ಲೆನ್ಸಿನ ಮ್ಯಾಲ ಓದೋ ಕನ್ನಡಕ ಹಾಕ್ಕೊಳ್ರಿ ಅಂದ್ರು ಡಾಕ್ಟರರು. ಬೋರ್ಡು ನೋಡಾಕ ತಗಿ, ಪುಸ್ತಕ ನೋಡಾಕ ಹಾಕು. ಹೆಂಡತಿ ನಕ್ಕೋತ, "ಕಣ್ಣಾಗೊಂದು ಜೋಡಿ, ಮೂಗಿನ ಮ್ಯಾಲೊಂದು ಜೋಡಿ. ಇನ್ನ ಹಣೀಗೊಂದು ಹಚ್ಚಿಕೊಂಡ್ರ ಮುಕ್ಕಣ್ಣ ಆಗ್ತೀರಿ ನೋಡ್ರಿ" ಅಂತಿದ್ದಳು. ನನಗ ಮಾತ್ರ ಒಳಗೊಳಗ ಖುಷಿ. ಚಾಳೀಸು ಕಂಡ ಮಂದಿ ಅದರ ಹಿಂದ ಏನದ ಅಂತ ಹಣಕಿ ನೋಡಂಗಿಲ್ಲ.

ಖುಷಿ ಅಂದೆ, ಸಮಾಧಾನ ಅನ್ನಲಿಲ್ಲ. ಮಗಳು ಕಣ್ಣು ತಿಕ್ಕಿದ್ರ "ಕೈ ತಗಿ" ಅಂತ ಗದರತಿದ್ದೆ. ಯಾಕ ಅಂತ ಕೇಳಿದ್ರ ಬ್ಯಾರೆ ಮಾತು ತಗೀತಿದ್ದೆ. ಹೈದರಾಬಾದಿಗೆ ಕರಕೊಂಡು ಹೋಗೋ ಧೈರ್ಯ ಇಲ್ಲಾ, ಸುಮ್ಮ ಕುಂದರಾಕ ಮನಸ್ಸಿಲ್ಲ. ಅದಕ್ಕ ನಾನೇ ಕಳ್ಳ ಪರೀಕ್ಷೆ ಮಾಡತಿದ್ದೆ. ಬಸ್ ಸ್ಟ್ಯಾಂಡಿನ್ಯಾಗ ನಿಂತು, "ಆ ಬಸ್ಸು ಚಿಟಗುಪ್ಪದ್ದೋ ಕಲ್ಯಾಣದ್ದೋ ನೋಡವಾ" ಅನ್ನೋದು. ಅಡಗಿ ಮನ್ಯಾಗಿದ್ದಾಕೀನ ಕರದು, "ಗಡಿಯಾರದಾಗ ಎಷ್ಟಾತು?" ಅನ್ನೋದು. ಒಮ್ಮೆನೂ ತಪ್ಪು ಹೇಳಲಿಲ್ಲ. ಹೇಳಿದಾಗೊಮ್ಮೆ ಹಗುರಾಗತಿದ್ದೆ, ಮರುದಿವಸ ಮತ್ತ ಕೇಳತಿದ್ದೆ. ಹಿಂಗ ಎಂಟ್ಹತ್ತು ವರ್ಷ ಹೋದವು. ನಾನು ಮಾತ್ರ ವರ್ಷಕ್ಕೊಮ್ಮೆ ಹೈದರಾಬಾದಿಗೆ ಹೋಗಿ ನನ್ನ ಕಣ್ಣು ತೋರಿಸಿಕೊಂಡು ಬರತಿದ್ದೆ.

ಆಕಿಗೆ ಇಪ್ಪತ್ತಾದಾಗ ಬಸವಕಲ್ಯಾಣದ ಒಂದು ಅರಬಿ-ಬಟ್ಟಿ ಅಂಗಡಿಯವರ ಮನಿಯಿಂದ ಸಂಬಂಧ ಬಂತು. ಛಲೋ ಮಂದಿ. ಹುಡುಗ ಹುಡುಗಿ ಒಪ್ಪಿದ್ರು, ಯಾದಿ ಮಾಡಾಕ ನಮ್ಮ ಮನಿಗೆ ಬಂದ್ರು. ಯಾದಿ ಅಂದ್ರ ಎರಡೂ ಕಡೆ ಹಿರಿಯರು ಕುಂತು, ಲಗ್ನ ಎಲ್ಲಿ, ಅಡಗಿ ಯಾರದು, ಚಪ್ಪರ ಯಾರದು, ಎಷ್ಟು ಮಂದಿ ಬರತಾರ, ಎಲ್ಲಾ ಒಂದು ಕಾಗದದ ಮ್ಯಾಲ ಬರೆಯೋದು. ಬರದದ್ದು ಎಲ್ಲಾರ ಮುಂದ ಗಟ್ಟಿಯಾಗಿ ಓದಬೇಕು, ಎರಡೂ ಕಡೆಯವರು ಹೌದ್ರಿ ಅನಬೇಕು. ಅಲ್ಲೀಗೆ ಮಾತು ಕಲ್ಲು. ಮಾಸ್ತರ ಇದ್ದ ಮನ್ಯಾಗ ಓದೋನು ಮಾಸ್ತರನೇ.

ಬರದದ್ದಾತು. ಓದಾಕ ಮೊದಲ ಹುಡುಗನ ಅಜ್ಜಾರು ಎಲ್ಲಾರಿಗೂ ವಿಭೂತಿ ಹಚ್ಚಾಕ ಎದ್ರು. ಎಂಬತ್ತು ದಾಟಿದ ಜೀವ, ಕೈ ನಡಗತಾವ, ಭಕ್ತಿ ಮಾತ್ರ ಧಾರಾಳ. "ಚಸ್ಮಾ ತಗೀರಿ ಮಾಸ್ತರ" ಅಂದ್ರು. ಚಾಳೀಸು ತಗದೆ, ಮುಖಾ ಎತ್ತಿದೆ. ಮೂರು ಬೆರಳಿನ ತುಂಬ ಒಣ ವಿಭೂತಿ ಹಿಡದು ಹಣಿ ಮ್ಯಾಲ ಎಳದ್ರು. ಪುಡಿ ಎರಡೂ ಕಣ್ಣಾಗ ಉದರಿತು.

ಲೆನ್ಸು ಹಾಕ್ಕೊಂಡವನಿಗೆ ಗೊತ್ತು ಆ ಉರಿ. ಮಂದಿ ಇದ್ದಾರ ಅನ್ನೋದು ಮರತು ಬಲಗಣ್ಣು ತಿಕ್ಕಿದೆ. ಲೆನ್ಸು ಟಪಕ್ಕನ ಹಾರಿ ಬಿತ್ತು. ಎಡಗಣ್ಣು ತೆರಿಯಾಕೇ ಬರಲಿಲ್ಲ. ಜಮಖಾನಿ ಮ್ಯಾಲ ಎರಡೂ ಕೈ ಊರಿ ತಡಕಾಡಾಕ ಹತ್ತಿದೆ. ಏನು ಬಿತ್ರಿ, ಏನು ಬಿತ್ರಿ ಅಂತ ಎಲ್ಲಾರೂ ಬಗ್ಗಿದ್ರು. ಹುಡುಗನ ತಾಯಿಗೇ ಅದು ಸಿಕ್ಕಿತು.

"ಇದೇನ್ರಿ, ಉಳ್ಳಾಗಡ್ಡಿ ಸಿಪ್ಪಿ ಇದ್ದಂಗದ?" ಅಂದ್ರು.

ಅಂಗೈ ಹುಣ್ಣಿಗೆ ಕನ್ನಡಿ ಯಾಕ? "ನನ್ನ ಕಣ್ಣಾಗಿನ ಗಾಜ್ರಿ. ಅದಿಲ್ಲದಿದ್ರ ನನಗ ನಿಮ್ಮ ಮುಖಾನೂ ಕಾಣಂಗಿಲ್ಲ" ಅಂದೆ. ಹೆಂಡತಿ ನೀರು ತಂದು ಕಣ್ಣು ತೊಳದಳು, ಎಡಗಣ್ಣಿನದನ್ನೂ ತಗಸಿದಳು. ಈಗ ಎರಡೂ ಖಾಲಿ. ಎದುರಿಗಿನ ಮಂದಿ ಬರೇ ಬಣ್ಣಾಗಿ ಕಾಣತಿದ್ದರು.

ಹುಡುಗನ ತಾಯಿ ಶಾಣ್ಯಾ ಹೆಣಮಗಳು. ಸಾವಕಾಶಾಗಿ, "ಹಂಗಾದ್ರ ಯಾದಿ ನಿಮ್ಮ ಮಗಳೇ ಓದ್ಲಿ ಬಿಡ್ರಿ. ಕಲತಾಕಿ ಇದ್ದಾಳ" ಅಂದ್ರು. ಯಾದಿ ಓದಾಕ ಮದುಮಗಳನ್ನ ಯಾರೂ ಕರೆಯಂಗಿಲ್ಲ. ಯಾಕ ಕರದ್ರು ಅಂತ ನನಗ ತಿಳೀತು, ಆಕಿ ಕಣ್ಣಿನ ಪರೀಕ್ಷೆ ಅದು.

ಮಗಳು ಬಂದಳು. ಸೀರಿಯ ಹಸರು ಅಷ್ಟೇ ಕಂಡಿತು. ಓದಾಕ ಹತ್ತಿದಳು. ಮೊದಲನೇ ಸಾಲು ಸರಳ ಹೋತು. ಎರಡನೇದಾಗ ನಿಂತಳು, ಹಿಂದಕ್ಕ ಹೋದಳು, ಮತ್ತ ಹೊಂಟಳು. ಬಾಜೂಕ ಕುಂತ ಹೆಂಡತಿಗೆ ಮೆಲ್ಲಕ, "ಕಾಗದ ಹ್ಯಾಂಗ ಹಿಡದಾಳ?" ಅಂತ ಕೇಳಿದೆ.

ಆಕಿ ಕತ್ತು ಎತ್ತಿ ನೋಡಿದಳು. ಆಮ್ಯಾಲ, "ಮೂಗಿಗೆ ಹಚ್ಚಿಕೊಂಡಾಳ್ರಿ. ಒಂದು ಕಣ್ಣು ಮುಚ್ಚ್ಯಾಳ" ಅಂದಳು.

"ಸಾಕು ನಿಲ್ಲಸವಾ" ಅಂದೆ. ಎಲ್ಲಾರಿಗೂ ಕೈ ಮುಗದು, ಡಾಕ್ಟರರು ಹೇಳಿದ ಮಾತು, ನಾ ಅದನ್ನ ಇಷ್ಟು ವರ್ಷ ನುಂಗಿದ್ದು, ಎಲ್ಲಾ ಹೇಳಿದೆ. ಹುಡುಗನ ತಾಯಿ ಸಿಟ್ಟಾಗಲಿಲ್ಲ. ಹೋಗಾಗ ಬಾಗಿಲದಾಗ ನಿಂತು, "ಕಣ್ಣಿಂದು ದೇವರಿಚ್ಛಾ ಅಂತ ಬಿಡಬಹುದ್ರಿ. ನೀವು ಮುಚ್ಚಿಟ್ರಿ ನೋಡ್ರಿ, ಅದು ನಮಗ ಸರಿ ಬರಲಿಲ್ಲ" ಅಂದ್ರು. ಆ ಸಂಬಂಧ ಅಲ್ಲೀಗೆ ಮುರೀತು.

ಸಂಜಿಕ ಮಗಳನ್ನ ಕೂಡಿಸಿಕೊಂಡು, "ಎಂದಿನಿಂದ?" ಅಂತ ಕೇಳಿದೆ.

"ಎಂಟನೇ ಕ್ಲಾಸಿನಿಂದ."

"ಮತ್ತ ಬಸ್ಸಿನ ಬೋರ್ಡು? ಗಡಿಯಾರ?"

"ಬಸ್ಸು ಬಂದ್ರ ಕಂಡಕ್ಟರ್ ಒದರತಾನಲ್ರಿ ಅಪ್ಪಾ. ಗಡಿಯಾರ ಅಡಗಿ ಮನಿಗೆ ಕೇಳಸ್ತದ, ಗಂಟಿ ಹೊಡದದ್ದು ಎಣಿಸಿ ಅಂದಾಜಿನ ಮ್ಯಾಲ ಹೇಳತಿದ್ದೆ."

"ನನಗ ಯಾಕ ಹೇಳಲಿಲ್ಲ?"

ಆಕಿ ಸೆರಗಿನ ತುದಿ ತಿರುವಿಕೋತ ಕುಂತಳು. "ಹೇಳಬೇಕಂತ ಎದ್ದಿದ್ದೆ. ನಿಮ್ಮ ಕ್ಲಾಸಿನ್ಯಾಗ. ಬೋರ್ಡಿನ ಮ್ಯಾಲಿಂದು ತಪ್ಪು ಬರಕೊಂಡಿದ್ದೆ, ಯಾಕ ಅಂತ ಕೇಳಿದ್ರಿ. ಕಾಣಂಗಿಲ್ಲ ಅಂದೆ. ಎಲ್ಲಾರ ಮುಂದ ಕಪಾಳಕ್ಕ ಹೊಡದು, ಸುಳ್ಳು ಹೇಳಬ್ಯಾಡ ಅಂದ್ರಿ."

ಹೊಡದದ್ದು ನನಗ ನೆನಪಿತ್ತು. ಮಾಸ್ತರನ ಮಗಳು ಅಂತ ಸಡ್ಲು ಬಿಡಬಾರದು ಅಂತ ಹೊಡದೆ ಅಂತ ನನಗ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಕಾಣಂಗಿಲ್ಲ ಅನ್ನೋ ಮಾತು ಉಳಿದ ಹುಡುಗರ ಕಿವಿಗೆ ಬೀಳಬಾರದು ಅಂತ ಹೊಡದಿದ್ದೆ. ಆ ದಿವಸನೇ ಬಸ್ಸು ಹತ್ತಸಬೇಕಾಗಿತ್ತು.

"ನೀವು ಬಾಗಿಲಾ ಹಾಕ್ಕೊಂಡು ಗಾಜು ಇಡೋದು ಸಣ್ಣಾಕಿದ್ದಾಗಿಂದ ಖಿಡಕಿ ಸಂದಿಯಿಂದ ನೋಡೀನಿ" ಅಂದಳು. "ಅಪ್ಪ ಇಷ್ಟು ಮುಚ್ಚಿಡತಾರಂದ್ರ ಅದು ಭಾಳ ಕೆಟ್ಟದ್ದೇ ಇರಬೇಕು ಅಂತ ನಾನೂ ಮುಚ್ಚಿಟ್ಟೆ."

ತಪ್ಪಾತವಾ ಅಂದೆ. ಆಕಿ ಹೂಂ ಅಂದಳು, ಇರಲಿ ಬಿಡ್ರಿ ಅನ್ನಲಿಲ್ಲ.

ಎರಡು ದಿವಸ ಬಿಟ್ಟು ಹೈದರಾಬಾದಿಗೆ ಹೊಂಟೆವು. ಸಾಲಿಗೆ ರಜಾ ಹಾಕಿದ್ದೆ, ಡಾಕ್ಟರರಿಗೆ ಏನೇನು ಹೇಳಬೇಕು ಅಂತ ಬಸ್ ಸ್ಟ್ಯಾಂಡಿನ ದಾರಿ ತುಂಬ ಬಡಬಡಿಸಿದೆ. ಬಸ್ಸು ಬಂತು. ತಾಯಿ ಮಗಳು ಒಂದು ಸೀಟಿನ ಮ್ಯಾಲ ಕುಂತರು, ನಾ ಹಿಂದಿನ ಸೀಟಿಗೆ ಚೀಲಾ ಇಟ್ಟೆ. ಮಗಳು ತಿರುಗಿ ನೋಡಿದಳು.

"ನೀವು ಇಳೀರಿ ಅಪ್ಪಾ. ಅವ್ವ ನಾನು ಹೋಗಿ ಬರತೀವಿ."

"ಹುಚ್ಚಿ, ದಾರಿ ಗೊತ್ತಿದ್ದವ ನಾನು. ಡಾಕ್ಟರರೂ ನನಗ ಪರಿಚಯ."

"ಅದಕ್ಕ ಹೇಳಾಕತ್ತೀನಿ" ಅಂದಳು. ದನಿಯಾಗ ಸಿಟ್ಟಿರಲಿಲ್ಲ. "ನೀವು ಬಾಜೂಕ ನಿಂತ್ರ, ಡಾಕ್ಟರ್ ಏನು ಕೇಳಿದ್ರೂ ನಾ ಮತ್ತ ಎಲ್ಲಾ ಕಾಣಸ್ತದ ಅಂತೀನಿ."

ಕಂಡಕ್ಟರ್ ಸೀಟಿ ಊದಿದ. ನಾ ಚೀಲಾ ಹೆಂಡತಿ ಕೈಯಾಗ ಕೊಟ್ಟು ಇಳದೆ.