ಕವನಳ ಜಡೆ

ಹೆಮ್ಮರಗಾಲಕ್ಕೆ ಹೊರಗಿನ ಕಾರು ಬಂದರೆ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸಂತಾನ ವೇಣುಗೋಪಾಲಸ್ವಾಮಿ ಗುಡಿಗೆ ಮಕ್ಕಳಿಲ್ಲದವರು ಎಲ್ಲೆಲ್ಲಿಂದಲೋ ಬರುತ್ತಾರೆ, ದಾರಿ ಕೇಳುತ್ತಾರೆ, ಹೋಗುತ್ತಾರೆ. ಪುಟ್ಟಮಾದಮ್ಮನೂ ಐವತ್ತಾರು ವರ್ಷ ತಿರುಗಿ ನೋಡಿದವಳಲ್ಲ. ನಾಲ್ಕು ತಿಂಗಳಿಂದ ಮಾತ್ರ ಕಾರಿನ ಸದ್ದು ಕೇಳಿದರೆ ಸಾಕು, ಅವಳ ಕೈಯಲ್ಲಿ ಸೌಟು ನಿಂತುಬಿಡುತ್ತದೆ, ಕಣ್ಣು ಮೊಮ್ಮಗಳನ್ನು ಹುಡುಕುತ್ತದೆ. ಮಗು ಬೇಡಲು ಬಂದವರ ಕಾರೋ ಮಗು ಒಯ್ಯಲು ಬಂದವರ ಕಾರೋ, ಸದ್ದಿನಿಂದ ಗೊತ್ತಾಗುವುದಿಲ್ಲ.

ಅವಳು ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮನೆಯ ಕಸ, ನೀರು, ಹಿಟ್ಟು, ಗಂಡ ಚನ್ನಯ್ಯನ ಕಾಫಿ ಮುಗಿಸಿ ಒಂಬತ್ತಕ್ಕೆ ಶಾಲೆ ಸೇರಿದರೆ ಎಂಬತ್ತಮೂರು ಮಕ್ಕಳಿಗೆ ಅನ್ನ ಸಾಂಬಾರು. ಆಮೇಲೆ ಅರ್ಧ ಮೈ ಒಳಗೆ ಹಾಕಿ ಉಜ್ಜುವಂಥ ಪಾತ್ರೆಗಳು. ಇದಕ್ಕೆ ಕೊಡುವುದನ್ನು ಸರ್ಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಸಂಜೆ ಮನೆಗೆ ಬಂದರೆ ಮತ್ತೆ ಒಲೆ. ಅಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ.

ಮಗಳು ಮಧುಶ್ರೀ ನರ್ಸಿಂಗ್ ಓದಿ ಐರ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಹೋದಳು. ಅವಳ ವೀಸಾದ ಮೇಲೆಯೇ ಗಂಡ ಪ್ರೇಮ್‌ಕುಮಾರನೂ ಹೋದ. ಅವನು ಕಳಲೆಯವನು, ಅಲ್ಲೊಂದು ಗೋದಾಮಿನಲ್ಲಿ ಅವನಿಗೂ ಕೆಲಸ ಸಿಕ್ಕಿತು. ರಾತ್ರಿಯೆಲ್ಲ ಬೇರೆಯವರ ತಂದೆತಾಯಿಯನ್ನು ತೊಳೆದು ಮಲಗಿಸಿ ಮನೆಗೆ ಬಂದ ಮಧುಶ್ರೀ ತನ್ನ ಮನೆಯ ಪಾತ್ರೆ ತೊಳೆಯುತ್ತಿದ್ದಳು. ಅವನು ಯಾವಾಗಿನಿಂದ ಕೈ ಮಾಡತೊಡಗಿದನೆಂದು ಅವಳು ಯಾರಿಗೂ ಹೇಳಲಿಲ್ಲ. ಅವ್ವನ ಕಣ್ಣಿನ ಆಪರೇಷನ್ನಿಗೆಂದು ನಾಲ್ಕು ವಾರದ ರಜೆ ಹಾಕಿ, ಅಲ್ಲೇ ಹುಟ್ಟಿದ ಆರು ವರ್ಷದ ಮಗಳು ಕವನಳನ್ನು ಕರೆದುಕೊಂಡು ಊರಿಗೆ ಬಂದಾಗ, ಅವಳ ಎಡ ತೋಳು ಹೆಗಲಿನಿಂದ ಮೇಲಕ್ಕೇಳುತ್ತಿರಲಿಲ್ಲ. ತನ್ನ ಜಡೆಯನ್ನು ತಾನು ಹಾಕಿಕೊಳ್ಳಲಾರದೆ ಅವ್ವನ ಮುಂದೆ ಬೆನ್ನು ಮಾಡಿ ಕುಳಿತಳು. ಪುಟ್ಟಮಾದಮ್ಮ ಏನೂ ಕೇಳದೆ ಬಾಚಿದಳು. ವಾಪಸು ಹೋಗುವ ದಿನ ಬಂತು. ಮಧುಶ್ರೀ ಹೋಗಲಿಲ್ಲ.

ಮೊದಲು ಐರ್ಲೆಂಡಿನ ಕೋರ್ಟಿನ ಆದೇಶ ಬಂತು, ಮಗುವನ್ನು ಹಿಂದಕ್ಕೆ ಕಳಿಸಬೇಕೆಂದು. ಆಮೇಲೆ ಪ್ರೇಮ್‌ಕುಮಾರ್ ಇಲ್ಲಿನ ಹೈಕೋರ್ಟಿಗೂ ಅರ್ಜಿ ಹಾಕಿದ. ನೋಟಿಸು ಹಿಡಿದು ಇಬ್ಬರು ಪೊಲೀಸರು ಶಾಲೆಯ ಅಡುಗೆಮನೆಗೇ ಬಂದರು. ಮರ್ಯಾದೆಯಾಗಿಯೇ ಮಾತಾಡಿದರು. ಮೊಬೈಲಿನಲ್ಲಿ ಕವನಳ ಫೋಟೊ ತೋರಿಸಿದರು: ಎರಡು ಉದ್ದ ಜಡೆ, ಕೆಂಪು ರಿಬ್ಬನ್ನು. ಕವನ ಆಗ ಬೇಳೆ ಮೂಟೆಗಳ ಹಿಂದೆ ಕುಳಿತು ಹಸಿ ಕಡಲೆಕಾಯಿ ಸುಲಿಯುತ್ತಿದ್ದಳು. ಪುಟ್ಟಮಾದಮ್ಮ ಆ ಕಡೆ ನೋಡದೆ, ಮಗು ತಾಯಿ ಜೊತೆ ನಂಜನಗೂಡಿಗೆ ಹೋಗಿದೆ ಎಂದಳು. ಅವರು ಹೋದ ಮೇಲೆ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು.

ತಿ. ನರಸೀಪುರದಲ್ಲಿ ವಕೀಲೆ ಸರ್ವಮಂಗಳಾ ಕಾಗದಗಳನ್ನೆಲ್ಲ ಓದಿ ನಿಧಾನವಾಗಿ ತಿಳಿಸಿದಳು. ಹೇಗ್ ಎಂಬ ಊರಿನಲ್ಲಿ ಅನೇಕ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ. ತಂದೆತಾಯಿಯಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ಗಡಿ ದಾಟಿಸಿದರೆ, ಅಥವಾ ದಾಟಿಸಿ ಅಲ್ಲೇ ಉಳಿಸಿಕೊಂಡರೆ, ಮಗು ಮೊದಲು ತಾನು ಬೆಳೆದ ದೇಶಕ್ಕೆ ಮರಳಬೇಕು. ಯಾರ ಬಳಿ ಇರಬೇಕೆಂಬ ಜಗಳ ಅಲ್ಲೇ ತೀರ್ಮಾನವಾಗಬೇಕು. ಮಕ್ಕಳನ್ನು ಯಾರೂ ಹೊತ್ತೊಯ್ಯದಿರಲಿ ಎಂದು ಮಾಡಿದ ಕಟ್ಟಳೆ ಅದು. ಭಾರತ ಅದಕ್ಕೆ ಸೇರಿಲ್ಲ.

“ಸೇರಿಲ್ಲ ಅಂದ್ಮೇಲೆ ನಮ್‌ಗದು ತಟ್ಟಕಿಲ್ಲ ಅಲ್ವಾ ಮೇಡಮ್?” ಎಂದು ಪುಟ್ಟಮಾದಮ್ಮ ಕೇಳಿದಳು.

“ಹಾಗಲ್ಲಮ್ಮ. ನಮ್ಮ ಕೋರ್ಟು ಮಗು ಹಿತ ಯಾವುದ್ರಲ್ಲಿದೆ ಅಂತ ನೋಡುತ್ತೆ. ಇಲ್ಲೇ ಇರ್ಲಿ ಅಂದಿದ್ದೂ ಉಂಟು, ಕಳಿಸಿ ಅಂದಿದ್ದೂ ಉಂಟು. ಮಗೂನ ಬಚ್ಚಿಡ್ತಾ ಇದಾರೆ ಅಂತ ಮಾತ್ರ ಅನ್ನಿಸ್ಬಾರ್ದು. ಅದೊಂದು ನೋಡ್ಕೊಳಿ.”

ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಗುಮಾಸ್ತ ಪುಟ್ಟಮಾದಮ್ಮನ ಹೆಸರಿನ ಮುಂದೆ ‘ಗೃಹಿಣಿ’ ಎಂದು ಬರೆದಿದ್ದ. ಎಂಬತ್ತಮೂರು ಮಕ್ಕಳ ಗೃಹಿಣಿ ಅಂತ ಬರ್ಕೊಳಪ್ಪ ಎಂದು ಅವಳು ಅಂದದ್ದಕ್ಕೆ ಸರ್ವಮಂಗಳಾ ನಕ್ಕು ತಿದ್ದಿಸಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಆ ನಗು ಯಾರಿಗೂ ನೆನಪಿರಲಿಲ್ಲ.

ಮಧುಶ್ರೀ ಮಗುವನ್ನು ಬೆಂಗಳೂರಿಗೆ ಕರೆದೊಯ್ದು ಹೈಕೋರ್ಟಿಗೆ ಹಾಜರುಪಡಿಸಿದಳು. ಮುಂದಿನ ಆದೇಶದವರೆಗೆ ಮಗು ತಾಯಿಯ ಬಳಿ ಇರಲಿ, ಪ್ರತಿ ಬುಧವಾರ ಸಂಜೆ ತಂದೆಯೊಡನೆ ವಿಡಿಯೊದಲ್ಲಿ ಮಾತಾಡಲಿ ಎಂದಾಯಿತು. ಆದರೆ ಪುಟ್ಟಮಾದಮ್ಮನ ಭಯ ಕಡಿಮೆಯಾಗಲಿಲ್ಲ. ಮೊಮ್ಮಗಳನ್ನು ಶಾಲೆಯ ನಲ್ಲಿಯ ಹತ್ತಿರಕ್ಕೂ ಒಬ್ಬಳನ್ನೇ ಬಿಡಳು. ಅಡುಗೆಯ ನಡುವೆ ಹತ್ತು ಸಲ ಎದ್ದು ಬಾಗಿಲು ನೋಡುವಳು. ಹೀಗೇ ಆದ್ರೆ ಅನ್ನದ ಜೊತೆ ನೀನೂ ಸೀದೋಯ್ತಿಯ ಕಣಮ್ಮಿ ಎಂದು ಚನ್ನಯ್ಯ ಅಣಕಿಸಿದ. ಅವನು ಹೇಳಿ ಜಗಲಿಯಲ್ಲಿ ಕುಳಿತ. ಬಾಗಿಲು ನೋಡುವ ಕೆಲಸವೂ ಅವಳದೇ ಆಗಿತ್ತು.

ಯೋಚಿಸಿ ಯೋಚಿಸಿ ಅವಳಿಗೆ ಒಂದು ಕಾರಣ ಹೊಳೆಯಿತು. ಕವನಳ ಹುಟ್ಟುಗೂದಲನ್ನು ನಂಜುಂಡೇಶ್ವರನಿಗೆ ಕೊಟ್ಟಿರಲಿಲ್ಲ. ಮುಡಿ ಕೊಡುವವರೆಗೂ ಕತ್ತರಿ ತಾಗಿಸಬೇಡ ಎಂದು ಅವಳೇ ಫೋನಿನಲ್ಲಿ ಹೇಳಿಹೇಳಿ, ಆ ಕೂದಲು ಆರು ವರ್ಷದಲ್ಲಿ ಸೊಂಟ ಮುಟ್ಟಿತ್ತು. ದೇವರ ಬಾಕಿ ಉಳಿಸಿಕೊಂಡವರಿಗೆ ಇನ್ನೇನಾದೀತು?

ಒಂದು ಸೋಮವಾರ ಮಧುಶ್ರೀ ಕೆಲಸ ಕೇಳಲು ಮೈಸೂರಿನ ಆಸ್ಪತ್ರೆಗೆ ಹೋಗಿದ್ದಾಗ, ಪುಟ್ಟಮಾದಮ್ಮ ಮಗ ಶಿವಮೂರ್ತಿಯನ್ನು ಹೊರಡಿಸಿ ಕವನಳನ್ನು ನಂಜನಗೂಡಿಗೆ ಕರೆದೊಯ್ದಳು. ಮುಡಿ ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಕತ್ತಿ ತಾಗಿದ್ದೇ ಕವನ ಬಿಕ್ಕಿದಳು. ಶಿವಮೂರ್ತಿ ಅವಳ ಗಲ್ಲ ಹಿಡಿದುಕೊಂಡು ತಾನೂ ಕಣ್ಣು ಮುಚ್ಚಿದ. ಕಪಿಲೆಯಲ್ಲಿ ಮುಳುಗಿಸಿ, ನುಣ್ಣನೆಯ ತಲೆಗೆ ಗಂಧ ಬಳಿದಾಗ ಪುಟ್ಟಮಾದಮ್ಮನಿಗೆ ಪೊಲೀಸರ ಮೊಬೈಲಿನ ಫೋಟೊ ನೆನಪಾಯಿತು. ಈ ಮಗು ಆ ಫೋಟೊದ ಮಗುವೇ ಅಲ್ಲ. ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಗಂಡುಹುಡುಗರ ಚಡ್ಡಿ, ಅಂಗಿ ಕೊಂಡು ಅಲ್ಲೇ ತೊಡಿಸಿದಳು.

ಮಧುಶ್ರೀ ಮಗುವನ್ನು ಕಂಡು ಗೋಡೆ ಹಿಡಿದು ಕುಳಿತಳು. “ಏನ್ ಮಾಡ್ಬುಟ್ಟೆ ಅವ್ವ” ಎಂದಷ್ಟೇ ಅಂದಳು.

ಬುಧವಾರ ಕವನ ತಾನಾಗಿಯೇ ಟೋಪಿ ತೆಗೆದು ತಲೆ ತೋರಿಸಿದಳು. ಅಜ್ಜಿ ತನ್ನನ್ನು ಬಾಯ್ ಮಾಡಿದ್ದನ್ನು ನಗುತ್ತ ಡ್ಯಾಡಿಗೆ ಹೇಳಿದಳು. ಪರದೆಯ ಮೇಲೆ ಪ್ರೇಮ್‌ಕುಮಾರನ ಬೆರಳು ಹತ್ತಿರ ಬಂದು ಹೋಯಿತು. ಫೋಟೊ ತೆಗೆದುಕೊಂಡ ಎಂದು ಎಲ್ಲರಿಗೂ ಗೊತ್ತಾಯಿತು.

ಹತ್ತು ದಿನದಲ್ಲಿ ಆ ಫೋಟೊ ಹೊಸ ಅರ್ಜಿಯ ಜೊತೆ ಬಂತು. ಗುರುತು ಮರೆಸುವ ಸಲುವಾಗಿ ಮಗುವಿನ ಇಚ್ಛೆಗೆ ವಿರುದ್ಧವಾಗಿ ತಲೆ ಬೋಳಿಸಿ, ಗಂಡುಬಟ್ಟೆ ತೊಡಿಸಿ ಬಚ್ಚಿಡಲು ಸಿದ್ಧತೆ ನಡೆದಿದೆ. ತಕ್ಷಣ ಹಿಂದಕ್ಕೆ ಕಳಿಸಬೇಕು. ಸರ್ವಮಂಗಳಾ ಓದುತ್ತಿದ್ದರೆ ಪುಟ್ಟಮಾದಮ್ಮನಿಗೆ ನಿಶ್ಚಿತಾರ್ಥದ ದಿನ ಕಳಲೆಯ ಬೀಗಿತ್ತಿ ತೋರಿಸಿದ್ದ ಹಳೆಯ ಫೋಟೊ ಕಣ್ಣಿಗೆ ಕಟ್ಟಿತು: ಸೋದರಮಾವನ ತೊಡೆಯ ಮೇಲೆ, ಗಂಧ ಬಳಿದ ಬೋಳು ತಲೆಯ ಪ್ರೇಮ್‌ಕುಮಾರ. ಮುಡಿ ಎಂದರೇನೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಬರೆಸಿದ್ದಾನೆ. ಆದರೆ ಅವನು ಬರೆಸಿದ್ದರಲ್ಲಿ ಅರ್ಧ ನಿಜ. ಆ ಅರ್ಧವನ್ನು ಕೊಟ್ಟವಳು ತಾನು.

ಮುಡಿಯ ವಿಷಯ ನಾನು ನೋಡಿಕೊಳ್ಳುತ್ತೇನೆ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಎಂದಳು ಸರ್ವಮಂಗಳಾ.

ವಿಚಾರಣೆ ವಿಡಿಯೊದಲ್ಲಿ ನಡೆಯಿತು. ತಿ. ನರಸೀಪುರದ ವಕೀಲೆಯ ಸಣ್ಣ ಆಫೀಸಿನ ಕಂಪ್ಯೂಟರಿನ ಮುಂದೆ ತಾಯಿ, ಮಗಳು, ಮೊಮ್ಮಗಳು ಒತ್ತಿಕೊಂಡು ಕುಳಿತರು. ಒಂದು ಚೌಕದಲ್ಲಿ ಇಬ್ಬರು ನ್ಯಾಯಮೂರ್ತಿಗಳು, ಇನ್ನೊಂದರಲ್ಲಿ ಪ್ರೇಮ್‌ಕುಮಾರ್. ಮುಡಿಯ ಪದ್ಧತಿ ತಮಗೆ ಗೊತ್ತಿದೆ ಎಂದು ಹಿರಿಯ ನ್ಯಾಯಮೂರ್ತಿಗಳು ಹೇಳಿದರು. ಗಂಡುಬಟ್ಟೆ ಯಾಕೆ ಎಂದು ಕೇಳಿದರು.

ಸರ್ವಮಂಗಳಾ ಬಾಯಿ ತೆರೆಯುವ ಮೊದಲೇ ಪುಟ್ಟಮಾದಮ್ಮ ಎದ್ದು ನಿಂತಳು. ಪರದೆಯಲ್ಲಿ ಅವಳ ಸೆರಗು ಮಾತ್ರ ಕಾಣುತ್ತಿತ್ತು.

“ಎದ್ರುಕೊಂಡು ಆಕ್ದೆ ಸಾ. ಮುಡಿ ದೇವ್ರಿಗೆ, ಚಡ್ಡಿ ನನ್ ಭಯಕ್ಕೆ. ತೆಪ್ಪು ನಂದು, ಮಗಳ್ದಲ್ಲ. ಅವ್ಳು ಮನೇಲೂ ಇರ್ನಿಲ್ಲ.”

ಸರ್ವಮಂಗಳಾ ತಲೆ ತಗ್ಗಿಸಿದಳು.

“ಇನ್ನೊಂದ್ ಮಾತು ಸಾ. ಕೂದ್ಲು ತೆಗ್ಸಿದ್ಯಾರು ಅಂತ ಕೇಳುದ್ರಿ, ಯೋಳ್ದೆ. ಆರ್ ವರ್ಸ ಆ ಕೂದ್ಲ ದಿನಾ ಬಾಚಿ ಜಡೆ ಆಕ್ದೋರ್ಯಾರು ಅಂತ ಅವ್ರನ್ನೂ ಕೇಳಿ.”

ಪ್ರೇಮ್‌ಕುಮಾರನ ವಕೀಲರು ಆಕ್ಷೇಪಿಸಿದರು. ಹಿರಿಯ ನ್ಯಾಯಮೂರ್ತಿಗಳು ಕೈ ಎತ್ತಿ ತಡೆದು, ಅದನ್ನೇ ಕೇಳಿದರು. ಮಧುಶ್ರೀ ಎಂದ ಪ್ರೇಮ್‌ಕುಮಾರ್. ಆಕೆಗೆ ರಾತ್ರಿ ಪಾಳಿ ಇದ್ದ ದಿನಗಳಲ್ಲಿ? ಅವನು ನೀರು ಕುಡಿದ. “ಅವ್ಳೇ ಸರ್. ಬೆಳಿಗ್ಗೆ ಡ್ಯೂಟಿ ಮುಗಿಸ್ಕೊಂಡು ಬಂದು ಹಾಕ್ತಿದ್ಲು.” ಆಗ ನೀವೆಲ್ಲಿರುತ್ತಿದ್ದಿರಿ ಎಂದು ಕೇಳಿದರು. ಮನೆಯಲ್ಲೇ ಎಂದ.

ಪುಟ್ಟಮಾದಮ್ಮ ಗೆದ್ದೆ ಎಂದುಕೊಳ್ಳಲಿಲ್ಲ. ಮುಂದೆ ಮಗುವಿನ ಮಾತು ಕೇಳುವುದಿತ್ತು. ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಬಾಗಿಲಿನ ಆಚೆ ಮೂವರು ಹೆಂಗಸರೂ ನಿಂತು ಕಿವಿಗೊಟ್ಟರು. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಹೊರಗೆ ಬಂದ ಕವನ, ಅಮ್ಮ ಬೇಕು ಎಂದೆ, ಸೈಕಲ್ ಕಲಿಯುವಾಗ ಹಿಂದಿನಿಂದ ಹಿಡಿದುಕೊಳ್ಳೋಕೆ ಡ್ಯಾಡಿ ಬೇಕು ಎಂದೆ ಎಂದಳು. ಯಾರೂ ಅವಳನ್ನು ಬಯ್ಯಲಿಲ್ಲ. ಪುಟ್ಟಮಾದಮ್ಮನಿಗೆ ಮಾತ್ರ ಕಾರುಗಳಿಗಿಂತ ಆ ಸೈಕಲ್ಲಿನ ಭಯವೇ ಹೆಚ್ಚಾಯಿತು. ಕಾರು ಬಂದರೆ ಮನೆಯ ಬಾಗಿಲು ಹಾಕಿಕೊಳ್ಳಬಹುದು.

ಆದೇಶ ಚಿಕ್ಕದಾಗಿತ್ತು. ಅಜ್ಜಿ ಮಾಡಿದ್ದು ಸರಿಯಲ್ಲ, ಮತ್ತೆ ಆಗಕೂಡದು. ಮಗುವಿನ ಪಾಸ್‌ಪೋರ್ಟು ಕೋರ್ಟಿನಲ್ಲಿರಲಿ. ಮಗುವನ್ನು ಶಾಲೆಗೆ ಸೇರಿಸಬೇಕು. ಹಿಂದಕ್ಕೆ ಕಳಿಸಬೇಕೋ ಬೇಡವೋ ಎಂಬುದು ಎಂಟು ವಾರದ ನಂತರ. ಆಗ ತಂದೆ ಖುದ್ದಾಗಿ ಬರಬೇಕು.

ಈಗ ಕವನ ಅಜ್ಜಿಯ ಶಾಲೆಯಲ್ಲೇ ಒಂದನೇ ತರಗತಿ. ಬಡಿಸುವಾಗ ಎಂಬತ್ತನಾಲ್ಕು ತಟ್ಟೆ. ಬೆಳಿಗ್ಗೆ ಹೊರಡುವ ಮೊದಲು ಪುಟ್ಟಮಾದಮ್ಮ ಮೊಮ್ಮಗಳ ತಲೆಗೆ ಹರಳೆಣ್ಣೆ ತಿಕ್ಕುತ್ತಾಳೆ. ಬೆರಳಿಗೆ ಕೂದಲು ಸಿಗತೊಡಗಿದೆ. ಎಂಟು ವಾರದಲ್ಲಿ ಐದು ಕಳೆದಿದೆ.

“ಅಜ್ಜಿ, ಜಡೆ ಹಾಕೋವಷ್ಟು ಬೆಳೆಯೋದು ಯಾವಾಗ?” ಎಂದು ನಿನ್ನೆ ಕೇಳಿದಳು.

ವರ್ಷ ಆದ್ರೂ ಬೇಕು ಮಗ ಎನ್ನಲು ಹೊರಟ ಪುಟ್ಟಮಾದಮ್ಮನ ನಾಲಿಗೆ ತಡೆಯಿತು. ವರ್ಷದ ಹೊತ್ತಿಗೆ ಆ ಜಡೆ ಯಾವ ದೇಶದಲ್ಲಿರುತ್ತದೋ, ಬಾಚುವ ಕೈ ಯಾರದಿರುತ್ತದೋ. ರಸ್ತೆಯ ಕಡೆ ಕಾರೊಂದು ನಿಂತ ಸದ್ದಾಯಿತು. ಯಾರೋ ಗುಡಿಯ ದಾರಿ ಕೇಳಿದರು. ಅವಳು ಎಣ್ಣೆಯ ಕೈಯನ್ನು ಮಗುವಿನ ತಲೆಯಿಂದ ತೆಗೆಯದೆ ಕಾರು ಮುಂದೆ ಹೋಗುವವರೆಗೂ ಹಾಗೇ ಕುಳಿತಳು.