ಕಾಟಾ ಕ್ಲಾರ್ಕ್ ಪ್ರೋಗ್ರಾಮರ್ ಆದದ್ದು

ಕೆಲಸ ಮುಖ್ಯ, ಹುದ್ದೆಯ ಹೆಸರು ಏನಾದರೇನು ಎಂದು ಹೇಳುವವರು ಸಾಮಾನ್ಯವಾಗಿ ಒಳ್ಳೆಯ ಹುದ್ದೆಯಲ್ಲೇ ಕೂತಿರುತ್ತಾರೆ. ಅವರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸಾಫ್ಟ್‌ವೇರ್ ಬರೆಯುತ್ತಿದ್ದೆ. ನನ್ನ ಹುದ್ದೆ ಕಾಟಾ ಕ್ಲಾರ್ಕ್.

ಕಾಟಾ ಅಂದರೆ ಕಬ್ಬಿನ ಗಾಡಿ ತೂಗುವ ಜಾಗ. ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಧೂಳು ಬೀಳಬಾರದು, ತಂಪಿರಬೇಕು ಎಂದು ಮಾರಿದವರು ಹೇಳಿ ಹೋಗಿದ್ದರು. ತೂಕದ ಚೀಟಿ ಹೊರಡುವುದು ಅದರಿಂದಲೇ ಅಲ್ಲವೇ ಎಂದು ಇವರು ಅದನ್ನು ಕಾಟಾದ ಕೋಣೆಯಲ್ಲೇ, ಟ್ರ್ಯಾಕ್ಟರುಗಳ ಧೂಳಿನ ನಡುವೆ ಇಟ್ಟರು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ ಬಂದಿದ್ದ ನನ್ನನ್ನು ಅದರ ಮುಂದೆ ಕೂಡಿಸಿದರು. ಕಾಟಾದಲ್ಲಿ ಕೂತವಳು ಕಾಟಾ ಕ್ಲಾರ್ಕೇ ತಾನೆ?

ತೊಡಕು ಇದ್ದದ್ದು ಅಲ್ಲಿಯೇ. ಕಾರ್ಖಾನೆಯಲ್ಲಿ ನೌಕರರು ಎರಡು ಬಗೆ. ಕಾಯಂ ಆದವರು ವರ್ಷವಿಡೀ ಇರುತ್ತಾರೆ. ಹಂಗಾಮಿನವರು ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ. ಅರೆಯುವುದು ನಿಂತಿತೋ, ಮನೆಗೆ. ಕಾಟಾದವರೆಲ್ಲ ಹಂಗಾಮಿನವರು, ಹಾಗಾಗಿ ನಾನೂ. ನನ್ನ ಪ್ರೋಗ್ರಾಮಿನಲ್ಲಿ ಒಂದು ದೋಷವಿತ್ತು. ಒಂದೇ ಹೆಸರಿನ ಇಬ್ಬರು ರೈತರು ಹಿಂದೆಮುಂದೆ ಬಂದರೆ ಇಬ್ಬರ ಕಬ್ಬೂ ಒಂದೇ ಚೀಟಿಗೆ ಬೀಳುತ್ತಿತ್ತು. ನಮ್ಮ ಕಡೆ ಊರ ತುಂಬ ಒಂದೇ ಹೆಸರಿನವರು! ಹಂಗಾಮಿನಲ್ಲಿ ತಿದ್ದೋಣವೆಂದರೆ ಗಾಡಿಗಳ ಸಾಲು ರಸ್ತೆಯವರೆಗೆ ನಿಂತಿರುತ್ತಿತ್ತು. ಬೇಸಿಗೆಯಲ್ಲಿ ತಿದ್ದೋಣವೆಂದರೆ ನಾನೇ ಅಲ್ಲಿ ಇರುತ್ತಿರಲಿಲ್ಲ.

"ಅರ್ಧಾ ವರ್ಷ ಮನ್ಯಾಗ ಕುಂಡರೂದು ಎಂಥಾ ನೌಕರಿ ಬೇ? ಈ ಸಲ ಕಾಯಂ ಮಾಡ್ಲಿಲ್ಲಂದ್ರ ಬಿಟ್ಟ ಬಿಡು," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ. ನನಗೋ ಆ ಧೂಳು ಹಿಡಿದ ಪೆಟ್ಟಿಗೆಯ ಮೇಲೆ ಜೀವ.

ಕಾಟಾದಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದರು, ಸದಲಗಾ ಕಡೆಯವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು. ಚೀಟಿ ತಪ್ಪಾದಾಗಲೆಲ್ಲ ಕಂಪ್ಯೂಟರಿಗೆ ಮರಾಠಿಯಲ್ಲಿ ಬೈಯುತ್ತಿದ್ದರು, ನನಗೆ ಕನ್ನಡದಲ್ಲಿ. ಅಲ್ಲಿ ಹಿರಿತನವೆಂದರೆ ಯಾವ ಹಂಗಾಮಿನಲ್ಲಿ ಸೇರಿದೆ ಎನ್ನುವುದಷ್ಟೇ. ಕಾಕಾ ಕಾರ್ಖಾನೆಯ ಮೊದಲ ಗಾಡಿಯನ್ನೇ ತೂಗಿದವರು. ಆದರೂ ಹಂಗಾಮಿನವರಾಗಿಯೇ ಉಳಿದಿದ್ದರು. ಒಮ್ಮೆ ಕಾಯಂ ಆಗಬೇಕೆಂಬ ಅವರ ಆಸೆ ಕಾಟಾದ ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಆಡಳಿತ ಮಂಡಳಿ ಕಾಟಾಕ್ಕೆ ಒಂದೇ ಒಂದು ಕಾಯಂ ಹುದ್ದೆ ಮಂಜೂರು ಮಾಡಿತು: ಪ್ರೋಗ್ರಾಮರ್. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಹಿಗ್ಗು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಕಾಟಾಕ್ಕೆ ಬಂದ ಹುದ್ದೆ ಕಾಟಾದ ಹಿರಿಯರಿಗೇ, ಅಂದರೆ ಕಾಕಾರಿಗೇ ಹೋಗಬೇಕು ಎಂದು ಕಚೇರಿಯವರು ತೀರ್ಮಾನಿಸಿದರು. ಅದರಲ್ಲಿ ಮೋಸವೇನೂ ಇರಲಿಲ್ಲ, ಅಲ್ಲಿಯ ಪದ್ಧತಿಯೇ ಅದು. ಕೀಬೋರ್ಡ್ ಮುಟ್ಟದ ಮನುಷ್ಯ ಪ್ರೋಗ್ರಾಮರ್ ಆಗುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ.

ಮ್ಯಾನೇಜರ್ ಸಾಹೇಬರು ನಮ್ಮಿಬ್ಬರನ್ನೂ ಕರೆಸಿ ಕಾಕಾರ ಕೈಗೆ ಪೇಢೆ ಕೊಟ್ಟರು. ಕಾಕಾ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಸಾಹೇಬ್ರ, ಪ್ರೋಗ್ರಾಮ್ ಬರದಾಕಿ ಈಕಿ. ನಾ ಅದಕ್ಕ ಬೈಯಾಂವ ಅಷ್ಟ," ಎಂದರು.

"ಹಿರ್ಯಾರು ನೀವ ಅದೀರಿ. ನಾಳೆ ಯೂನಿಯನ್‌ದವ್ರು ಕೇಳಿದ್ರ ಏನ್ ಹೇಳೂದು?"

"ನಾ ತೂಕಕ್ಕ ಹಿರ್ಯಾ ಅದೀನ್ರಿ. ಆ ಮಶೀನಿಗೆ ಈಕೀನ ಹಿರ್ಯಾಕಿ. ಯೂನಿಯನ್‌ದವ್ರಿಗೆ ನಾ ಹೇಳ್ತೀನಿ, ನೀವು ಈಕಿ ಹೆಸರ ಬರೀರಿ."

"ಇಂಥಾದ್ದು ಮತ್ತ ಯಾವಾಗ ಬರತೈತೋ ಏನೋ. ವಿಚಾರ ಮಾಡ್ರಿ," ಎಂದರು ಸಾಹೇಬರು.

"ವಿಚಾರ ಮಾಡೇ ಹೇಳಾಕತ್ತೀನ್ರಿ," ಎಂದು ಕಾಕಾ ಪೇಢೆಯನ್ನು ನನ್ನ ಕೈಗಿಟ್ಟು ಹೊರಟೇಬಿಟ್ಟರು. ಕಾಟಾದಲ್ಲಿ ಗಾಡಿಗಳು ಕಾಯುತ್ತಿದ್ದವು.

ಹಂಗಾಮು ಮುಗಿಯಿತು. ಕಾಕಾ ಎಂದಿನಂತೆ ಊಟದ ಡಬ್ಬಿ ಹಿಡಿದು ಊರಿಗೆ ಹೋದರು, ಕಾಯಂ ಪ್ರೋಗ್ರಾಮರ್ ಆಗಿ ನಾನು ಉಳಿದೆ. ಗಾಡಿಗಳಿಲ್ಲದ ಅಂಗಳದ ಎದುರು ಕೂತು, ಹೆಸರಿನ ಜೊತೆ ಊರು ಮತ್ತು ಹೊಲವನ್ನೂ ಕೇಳುವಂತೆ ಪ್ರೋಗ್ರಾಮ್ ಬದಲಿಸಿದೆ. ಆಮೇಲೆ ಬೇರೆ ಊರುಗಳಲ್ಲಿ ಸೀನಿಯರ್, ಲೀಡ್ ಎಂದೆಲ್ಲ ಕರೆಸಿಕೊಂಡೆ. ಪ್ರೋಗ್ರಾಮರ್ ಎನ್ನುವ ಆ ಮೊದಲ ಹೆಸರು ಇರದಿದ್ದರೆ ಅವುಗಳಲ್ಲಿ ಒಂದೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಅದು ನನಗೆ ಓದಿನಿಂದ ಬಂದದ್ದಲ್ಲ, ಕಾಕಾರಿಂದ ಬಂದದ್ದು. ಅವರ ಋಣ ದೊಡ್ಡದು.

ನಾನು ಕಾಯಂ ಆದ ಬೇಸಿಗೆಯಲ್ಲೇ ಒಂದು ಭಾನುವಾರ ಕೃತಜ್ಞತೆ ಹೇಳಲು ಅವರ ಮನೆಗೆ ಹೋದೆ. ಕಾಕಾ ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು. "ಬಾ ತಂಗಿ" ಎಂದಷ್ಟೇ ಹೇಳಿ ಮತ್ತೆ ಎಮ್ಮೆಯ ಕಡೆ ತಿರುಗಿದರು. ಅವರ ಹೆಂಡತಿ ನನಗೆ ಚಹಾ ಕೊಟ್ಟು, ಕುಂಕುಮ ಹಚ್ಚಿ, ಕೈಯಲ್ಲಿ ಕುಬಸ ಹೊಲಿಸಿಕೊಳ್ಳಲು ಒಂದು ಖಣ ಇಟ್ಟರು. ಆಮೇಲೆ ದನಿ ತಗ್ಗಿಸಿದರು.

"ನೀವು ಕಾಯಂ ಆದ್ರಿ, ಭಾಳ ಛಲೋ ಆತ್ರಿ ಬಾಯಾರ. ಸಾಹೇಬ್ರ ಮುಂದ ಇವರದೂ ಒಂದ ಮಾತ ಹಾಕ್ರಿ. ಇಷ್ಟ ವರ್ಷ ದುಡದಾರ. ಒಮ್ಮೆರೆ ಕರದು, ಕಾಯಂ ಆಗ್ತೀರೇನು ಅಂತ ಇವರನ್ನ ಯಾರೂ ಕೇಳಿಲ್ರಿ."

ನಾನು ಕಾಕಾರನ್ನು ನೋಡಿದೆ. ಅವರು ತಲೆ ಎತ್ತದೆ ಎಮ್ಮೆಯ ಬೆನ್ನು ತಿಕ್ಕುತ್ತಲೇ ಇದ್ದರು. ಆ ಪೇಢೆಯ ಸಂಗತಿಯನ್ನು ಅವರು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಹಾಕ್ತೀನ್ರಿ ಕಾಕು," ಎಂದೆ. ಹಾಕಿದೆ. ಮುಂದಿನ ಹಂಗಾಮಿಗೂ, ಅದರ ಮುಂದಿನದಕ್ಕೂ, ಕಾಕಾ ಕಾಯಂ ಆಗುವವರೆಗೂ.