ಮೂರು ಮೈಕ್ರಾನಿನ ರಿಬ್ಬನ್ ಅಕ್ಕ

ಬೆಳಗಿನ ಆರೂ ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ರಿಬ್ಬನ್ ಅಕ್ಕ ಆಗಲೇ ಮೂರು ಸಲ ಬೆಚ್ಚನೆಯ ನೀರಿನ ತೊಟ್ಟಿಗೆ ಬೆರಳದ್ದಿ ನೋಡಿದ್ದಾರೆ. ಬಿಸಿ ಹೆಚ್ಚಾದರೆ ಮೇಣ ಕರಗಿಹೋಗುತ್ತದೆ, ಕಡಿಮೆಯಾದರೆ ಕೊಯ್ದ ಪದರದ ಸುಕ್ಕು ಬಿಡುವುದಿಲ್ಲ. ನಾಲ್ಕನೇ ಸಲವೂ ಅದ್ದುತ್ತಾರೆ. ಬ್ಲೇಡು ಒರೆಸುತ್ತಾರೆ, ಎದ್ದು ಹೋಗಿ ಬಾಗಿಲು ಹಾಕುತ್ತಾರೆ, ಬಂದು ಮತ್ತೆ ಬ್ಲೇಡು ಒರೆಸುತ್ತಾರೆ.

ಕೊನೆಗೂ ಕೂರುತ್ತಾರೆ. ಐಸಿನ ಮೇಲಿಟ್ಟಿದ್ದ ಮೇಣದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಅಚ್ಚಿನೊಳಗೆ ಯಾರದೋ ಶ್ವಾಸಕೋಶದ ಒಂದು ಚೂರು. ಬಲಗೈ ಚಕ್ರ ತಿರುಗಿಸಿದಂತೆ ಅಚ್ಚು ಮೇಲೆ ಕೆಳಗೆ ಆಡುತ್ತದೆ, ಬ್ಲೇಡಿನ ಅಂಚಿನಿಂದ ಒಂದಕ್ಕೊಂದು ಅಂಟಿಕೊಂಡ ಪದರಗಳು ರಿಬ್ಬನ್ನಿನ ಹಾಗೆ ಇಳಿಯುತ್ತವೆ. ಒಂದೊಂದೂ ಮೂರು ಮೈಕ್ರಾನ್ ದಪ್ಪ. ತಲೆಕೂದಲಿನ ಇಪ್ಪತ್ತನೇ ಒಂದು ಪಾಲು. ಕುಂಚದ ತುದಿಯಲ್ಲಿ ರಿಬ್ಬನ್ನೆತ್ತಿ ನೀರಿನ ಮೇಲೆ ಹಾಸುವವರೆಗೆ ಅಕ್ಕ ಉಸಿರಾಡುವುದಿಲ್ಲ.

"ಉಸಿರು ಬಿಟ್ರೆ ಹಾರಿಹೋಗುತ್ತೆ. ಉಸಿರಾಡೋ ಅಂಗವನ್ನ ಉಸಿರು ಬಿಗಿಹಿಡಿದೇ ಕೊಯ್ಯಬೇಕು ನೋಡಿ," ಅಂತ ನಗುತ್ತಾರೆ. ಮಾತು ಮುಗಿಯುವಷ್ಟರಲ್ಲಿ ಆ ಕಡೆಯ ಮೇಜಿಗೆ ಹೋಗಿಯಾಗಿದೆ.

ಅಕ್ಕನಿಗೆ ಈಗ ಐವತ್ತೆರಡು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ದಿನಕ್ಕೆ ಎಂಬತ್ತು ಅಚ್ಚು, ಇನ್ನೂರರ ಹತ್ತಿರ ಗಾಜಿನ ಸ್ಲೈಡು. ರೋಗಿಯ ಮೈಯಿಂದ ತೆಗೆದ ಚೂರು ಇಲ್ಲಿ ಮೇಣಕ್ಕಿಳಿಯುತ್ತದೆ, ಪದರವಾಗುತ್ತದೆ, ಬಣ್ಣ ಹತ್ತಿಸಿಕೊಳ್ಳುತ್ತದೆ. ಆಮೇಲೆ ಮೇಲಿನ ಮಹಡಿಯ ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಇಂಥದು ಎಂದು ಬರೆಯುತ್ತಾರೆ. ಅಕ್ಕನಿಗೆ ರೋಗಿ ಬರೀ ಒಂದು ನಂಬರು. ರೋಗಿಗೆ ಅಕ್ಕ ಅಷ್ಟೂ ಅಲ್ಲ.

ಎಲ್ಲ ಬಿಟ್ಟು ಶ್ವಾಸಕೋಶದ ಮಾತೆತ್ತಿದರೆ ಅಕ್ಕನ ಕೈಬಾಯಿ ಎರಡೂ ಓಡುತ್ತವೆ. "ದೊಡ್ಡ ಶ್ವಾಸನಾಳ ಗಟ್ಟಿ ಆಸಾಮಿ. ಮೃದ್ವಸ್ಥಿಯ ಉಂಗುರ ಹಾಕ್ಕೊಂಡು ನಿಂತಿರುತ್ತೆ. ಒಳಗೋಡೆ ಮೇಲೆ ಸಣ್ಣ ಸಣ್ಣ ರೋಮ, ನಡುನಡುವೆ ಲೋಳೆ ತುಂಬಿದ ಜೀವಕೋಶ. ದೂಳು ಲೋಳೆಗೆ ಅಂಟುತ್ತೆ, ರೋಮ ಮೇಲಕ್ಕೆ ತಳ್ಳುತ್ತೆ. ಒಳಗೆ ಹೋಗ್ತಾ ಹೋಗ್ತಾ ನಾಳ ಕವಲೊಡೆದು ಸಣ್ಣಗಾಗುತ್ತೆ, ಉಂಗುರ ಮಾಯ, ಲೋಳೆನೂ ಮಾಯ. ಕೊನೆಗೆ ಗಾಳಿಗೂಡು. ಅದರ ಗೋಡೆ ಅಂದ್ರೆ ಒಂದೇ ಜೀವಕೋಶದ ಪೊರೆ, ಬೆನ್ನಿಗೇ ರಕ್ತದ ನಾಳ. ಗಾಳಿನೂ ರಕ್ತನೂ ಅಷ್ಟು ಹತ್ತಿರ ಬರ್ತಾವೆ, ಮುಟ್ಟಲ್ಲ." ಕೊಯ್ಯುವವರಿಗೆ ಈ ಗಾಳಿಗೂಡೇ ತಲೆನೋವು. ಒಳಗೆ ಗಾಳಿ ಉಳಿದರೆ ಚೂರು ದ್ರಾವಣದಲ್ಲಿ ಮುಳುಗದೆ ತೇಲುತ್ತದೆ, ಮೇಣ ಒಳಗಿಳಿಯುವುದಿಲ್ಲ, ಬ್ಲೇಡು ತಾಗಿದ ಕೂಡಲೇ ಪುಡಿಪುಡಿ.

ಇಷ್ಟೆಲ್ಲ ಕಾಲೇಜಿನಲ್ಲಿ ಓದಿ ಕಲಿತದ್ದಲ್ಲ. ಸೇರಿದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಆಗಿದ್ದ ಹಳೇ ಟೆಕ್ನೀಷಿಯನ್‌ಗೆ ಕೈ ನಡುಕ ಶುರುವಾದಾಗ, "ನೀನು ಸ್ವಲ್ಪ ಚಕ್ರ ತಿರುಗಿಸಮ್ಮ" ಅಂದರಂತೆ. ಮೊದಲ ವರ್ಷ ಎಡಗೈ ತೋರುಬೆರಳಿಗೆ ಏಳು ಹೊಲಿಗೆ. ದಿನವಿಡೀ ರಾಸಾಯನಿಕದ ಹೊಗೆ ಕುಡಿದು ಮೂಗಿಗೆ ಈಗ ವಾಸನೆಯೇ ಹತ್ತುವುದಿಲ್ಲ. "ಹಾಲು ಸೀದು ತಳ ಹತ್ತಿದ್ರೂ ಪಕ್ಕದಲ್ಲೇ ನಿಂತಿರ್ತಾಳೆ ಮಹಾತಾಯಿ," ಅನ್ನುತ್ತಾರೆ ಅತ್ತೆ. ಗಂಡ ದರ್ಜಿ. ಅವರದು ಬೇರೆ ವರಸೆ: "ನಾನು ಮೀಟರಲ್ಲಿ ಕತ್ತರಿಸ್ತೀನಿ, ಇವಳು ಮೈಕ್ರಾನಲ್ಲಿ. ಮನೇಲಿ ಬದನೆಕಾಯಿ ಮಾತ್ರ ನಾನೇ ಹೆಚ್ಚಬೇಕು."

ನಗುನಗುತ್ತಲೇ ಇರುವ ಅಕ್ಕ ಹೋದ ವರ್ಷದ ಒಂದು ಭಾನುವಾರದ ಮಾತು ಬಂದಾಗ ಮಾತ್ರ ಕುಂಚ ಕೆಳಗಿಡುತ್ತಾರೆ.

ಅದರ ಹಿಂದಿನ ಗುರುವಾರ ಜೊತೆಯವರು ರಜೆ. ಒಬ್ಬರ ತಲೆಯ ಮೇಲೇ ನೂರಹತ್ತು ಅಚ್ಚು. ಅದರಲ್ಲಿ ಒಂದು, ಶ್ವಾಸಕೋಶದ ಮೇಲ್ಭಾಗದಲ್ಲಿ ಎಕ್ಸ್‌ರೇ ತೋರಿಸಿದ ನೆರಳಿನಿಂದ ತೆಗೆದದ್ದು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಗೆಡ್ಡೆ ಇರಬಹುದೆಂದು ಶಸ್ತ್ರಚಿಕಿತ್ಸಕರಿಗೆ ಅನುಮಾನ. ಅಕ್ಕ ಕೊಯ್ದು ಕೊಟ್ಟರು. ಶ್ವಾಸನಾಳದ ಒಳಪೊರೆ ಬಿಟ್ಟರೆ ಬೇರೇನೂ ಇಲ್ಲ ಎಂದು ವರದಿ ಹೋಯಿತು. ಶಸ್ತ್ರಚಿಕಿತ್ಸಕರ ಅನುಮಾನ ಹೋಗಲಿಲ್ಲ. ಹಾಗಾದರೆ ಎದೆ ತೆರೆದು ಆ ಭಾಗವನ್ನೇ ತೆಗೆದುಬಿಡೋಣ, ಮಂಗಳವಾರ ಎಂದು ದಿನ ಗೊತ್ತಾಯಿತು.

ಅಕ್ಕನಿಗೆ ಮಾತ್ರ ಶುಕ್ರವಾರದಿಂದಲೇ ತಲೆಗೆ ಇರುವೆ ಬಿಟ್ಟುಕೊಂಡ ಹಾಗೆ. ಏನೋ ಸರಿಯಿಲ್ಲ. ಏನು ಅಂತ ಗೊತ್ತಿಲ್ಲ. ಶನಿವಾರ ಮಾಡಿದ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಭಾನುವಾರ ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂತವರು ದಡಕ್ಕನೆ ಎದ್ದು ನಿಂತರು.

"ಏನೇ, ಏನಾಯ್ತು?"

"ಮೂರೇ ಬಂದಿದ್ದು ರೀ. ಚೂರು ನಾಲ್ಕಿತ್ತು."

"ಯಾವ ಚೂರು?"

ಅಕ್ಕ ಆಗಲೇ ಆಸ್ಪತ್ರೆಯ ದಾರಿ ಹಿಡಿದಿದ್ದರು.

ಲ್ಯಾಬಿನ ಪುಸ್ತಕದಲ್ಲಿ ಅವರದೇ ಕೈಬರಹ: ನಾಲ್ಕು ಚೂರು. ಸ್ಲೈಡಿನ ಮೇಲೆ ಮೂರು. ಅಚ್ಚನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು. ಮೇಣದ ಆಳದಲ್ಲಿ, ಬ್ಲೇಡು ಮುಟ್ಟದ ಕಡೆ, ಅರ್ಧ ಸಾಸಿವೆಯಷ್ಟು ಮಸುಕು.

"ತಪ್ಪು ನನ್ನದೇ. ಅವಸರದಲ್ಲಿ ಆಳಕ್ಕೆ ಹೋಗಿರಲಿಲ್ಲ," ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಡಾಕ್ಟರಮ್ಮನಿಗೆ ಫೋನು ಮಾಡಿದರು.

"ಅದನ್ನ ಈಗ ಕೊಯ್ಯೋಕಾಗುತ್ತಾ? ಹಾಳಾದ್ರೆ ಏನೂ ಉಳಿಯಲ್ಲ."

"ಕೊಯ್ತೀನಿ ಮೇಡಂ. ನೀವು ಬನ್ನಿ."

ಒಂದು ಪದರವನ್ನೂ ಎಸೆಯದೆ, ಮೂವತ್ತೆಂಟು ಸ್ಲೈಡಿನ ಮೇಲೆ ಎತ್ತಿಕೊಂಡರು. ನಡುವೆ ಒಮ್ಮೆ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಕೂತರು. ಇಪ್ಪತ್ತೊಂಬತ್ತನೆಯದರಿಂದ ನಾಲ್ಕನೇ ಚೂರು ಕಾಣಿಸಿಕೊಂಡಿತು. ಇದು ನಾಳದ ಗೋಡೆಯಲ್ಲ, ಗಾಳಿಗೂಡುಗಳ ಜಾಗ. ಗೂಡುಗಳು ಅಳಿಸಿಹೋಗಿ, ಜೀವಕೋಶಗಳು ಗುಂಪುಗಟ್ಟಿ ಉಂಗುರದ ಹಾಗೆ ಸುತ್ತುವರಿದು ನಿಂತಿದ್ದವು. ಡಾಕ್ಟರಮ್ಮ ತಲೆಯೆತ್ತದೆ, "ಕ್ಷಯದ ಬಣ್ಣ ಹಾಕಿ," ಅಂದರು. ಅಕ್ಕ ಹಾಕಿದರು. ಆಮೇಲೆ ಒಂದು ಗಂಟೆ ಹುಡುಕಾಟ. ಒಬ್ಬರು ಕೂತಲ್ಲಿಂದ ಏಳಲಿಲ್ಲ, ಇನ್ನೊಬ್ಬರು ನಿಂತಲ್ಲಿ ನಿಲ್ಲಲಿಲ್ಲ.

"ಸಿಕ್ತು. ಬನ್ನಿ, ನೀವೇ ನೋಡಿ," ಎಂದು ಡಾಕ್ಟರಮ್ಮ ಕುರ್ಚಿ ಬಿಟ್ಟುಕೊಟ್ಟರು. ನೀಲಿಯ ನಡುವೆ ಎರಡೇ ಎರಡು ಕೆಂಪು ಗೀರು. ಕ್ಷಯದ ರೋಗಾಣು.

ಮಂಗಳವಾರದ ಶಸ್ತ್ರಚಿಕಿತ್ಸೆ ನಿಂತಿತು, ಮಾತ್ರೆ ಶುರುವಾಯಿತು. ಎಂಟು ತಿಂಗಳ ಮೇಲೆ ಡಾಕ್ಟರಮ್ಮನೇ ಕೆಳಗಿಳಿದು ಬಂದು ಹೇಳಿದರಂತೆ: ಆ ರೋಗಿಯ ಎದೆಯ ನೆರಳು ಕರಗಿದೆ, ಆಕೆ ಬಸ್ಸಿನ ಕಂಡಕ್ಟರ್, ಮತ್ತೆ ಕೆಲಸಕ್ಕೆ ಹೋಗಿ ಸ್ಟಾಪಿನ ಹೆಸರು ಕೂಗುತ್ತಿದ್ದಾಳೆ. ಅಷ್ಟರಲ್ಲಿ ಲ್ಯಾಬಿನ ತಪ್ಪುಗಳ ಪುಸ್ತಕದಲ್ಲಿ ಅಕ್ಕ ತಮ್ಮ ತಪ್ಪನ್ನು ತಾವೇ ಬರೆದು ಸಹಿ ಹಾಕಿಯಾಗಿತ್ತು. ಮೇಲಿನವರಿಂದ ಒಂದು ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಅಕ್ಕ ಮಡಚಿ ಡ್ರಾಯರಿನಲ್ಲಿಟ್ಟಿದ್ದಾರೆ.

"ಅವತ್ತಿಂದ ನೆಮ್ಮದಿ ಅನ್ನೋದು ಹೋಯ್ತು. ಎಣಿಸಿದ್ದನ್ನೇ ಎಣಿಸ್ತೀನಿ. ಮನೇಲಿ ತಟ್ಟೆನೂ ಎಣಿಸ್ತೀನಿ ಅಂತ ಮಗಳು ಬೈತಾಳೆ. ಬೈಲಿ ಬಿಡಿ. ಈ ಕೆಲಸಕ್ಕೆ ನೆಮ್ಮದಿ ಒಗ್ಗಲ್ಲ."

ನಿವೃತ್ತಿಗೆ ಇನ್ನು ಎಂಟು ವರ್ಷ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಮೊದಲು ಹೊಸ ಎಕ್ಸಾಸ್ಟ್ ಫ್ಯಾನ್ ಅನ್ನುತ್ತಾರೆ. ಆಮೇಲೆ ತಡೆದು, ಇವತ್ತು ಕೊಯ್ದ ಸ್ಲೈಡೊಂದನ್ನು ಬೆಳಕಿಗೆ ಹಿಡಿಯುತ್ತಾರೆ. ಗುಲಾಬಿ ಬಣ್ಣದ ಪದರದ ತುಂಬ ಕಪ್ಪು ಚುಕ್ಕೆ. ಗಾಳಿಗೂಡಿನೊಳಗೆ ಸೇರಿದ ಹೊಗೆ, ಮಸಿಯನ್ನೆಲ್ಲ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡ ಜೀವಕೋಶಗಳು ಅವು.

"ಇಪ್ಪತ್ತಾರು ವರ್ಷದಲ್ಲಿ ಈ ಮಸಿ ಇಲ್ಲದ ದೊಡ್ಡವರ ಶ್ವಾಸಕೋಶ ಒಂದೂ ನನ್ನ ಕೈಗೆ ಬಂದಿಲ್ಲ. ಕೂಸುಗಳದ್ದು ಚೊಕ್ಕವಾಗಿರುತ್ತೆ, ಆದ್ರೆ ಅದು ಇಲ್ಲಿಗೆ ಬರೋದೇ ಬೇಡ. ದೊಡ್ಡವರದ್ದು ಒಂದು, ಪೂರ್ತಿ ಗುಲಾಬಿ ಬಣ್ಣದ್ದು, ಒಂದ್ಸಲ ಕೊಯ್ದು ನೋಡಬೇಕು. ಅಷ್ಟೇ ಆಸೆ."